ಗಾಢ ಬಣ್ಣದ ಪಥ್ಯ

ಫೆಬ್ರವರಿ ೬

ತಮ್ಮಾ,

ನಾನು ಕೇಳಿದ್ದು ಆರು ರೀಲು ದಾರ. ನೀನು ಕಳಿಸಿದ್ದು ಆರು ರೀಲು ದಾರ, ಜೊತೆಗೆ ನಾಲ್ಕು ಪುಟ ಉಪನ್ಯಾಸ. ಉಪನ್ಯಾಸವನ್ನು ಮಡಚಿ ಹೊಲಿಗೆ ಯಂತ್ರದ ಅಲುಗಾಡುವ ಕಾಲಿನ ಕೆಳಗೆ ಇಟ್ಟಿದ್ದೇನೆ. ಅಲ್ಲಿ ಅದರಿಂದ ಏನೋ ಪ್ರಯೋಜನವಿದೆ.

ಮೊದಲು ದಾರದ ವಿಷಯ. ಆಸ್ಪತ್ರೆಯವರ ಕೋಟುಗಳಿಗೆ ಬೇಕು ಅಂತ ಬಟ್ಟೆಯ ತುಂಡನ್ನು ಕಾಗದಕ್ಕೆ ಪಿನ್ನು ಚುಚ್ಚಿ ಕಳಿಸಿದ್ದೆ. ಒಳ್ಳೆ ನವಿಲುಗರಿಯ ನೀಲಿ. ನೀನು ಕಳಿಸಿರುವುದು ಪಾಚಿ ಬಣ್ಣ. ಕೋಟಿನ ಜೇಬಿಗೆ ಒಂದು ಸುತ್ತು ಹೊಲಿದು ನೋಡಿದೆ, ಜೇಬು ಎಲ್ಲಿದೆ ಅಂತ ಬೀದಿಯ ಆ ತುದಿಯಿಂದಲೂ ಹೇಳಬಹುದು. ಫೋನಿನಲ್ಲಿ ಬಣ್ಣ ಸುಳ್ಳಾಗುತ್ತದೆ, ಬಟ್ಟೆಯ ತುಂಡೇ ಕೈಗೆ ಬರಬೇಕು, ಅದಕ್ಕೇ ನಮ್ಮದು ಕಾಗದದ ವ್ಯವಹಾರ ಅಂತ ನಿಯಮ ಮಾಡಿದವನು ನೀನು. ದಾರದ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವ ಮೇಜಿನಲ್ಲಿ ಅರ್ಧ ಆಯಸ್ಸು ಕಳೆದವನು. ಜೊತೆಯವರೆಲ್ಲ ನಿನ್ನನ್ನು ಹದ್ದು ಅಂತ ಕರೆಯುತ್ತಾರೆ ಅಂತ ಎದೆಯುಬ್ಬಿಸಿ ಹೇಳಿಕೊಂಡವನು. ಈ ದಾರ ಹೊಂದಿಸುವಾಗ ಹದ್ದು ತೂಕಡಿಸುತ್ತಿತ್ತೇನು?

ಇನ್ನು ಉಪನ್ಯಾಸದ ವಿಷಯ. ನಿನಗೆ ಸಕ್ಕರೆ ಕಾಯಿಲೆ ಬಂದಿದೆ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಇಷ್ಟು ನನಗೆ ಗೊತ್ತಿತ್ತು. ಈಗ ನೋಡಿದರೆ ಮಾತ್ರೆ ಬಿಟ್ಟಿದ್ದೀಯ. ಯಾವುದೋ ಲೇಖನ ಓದಿ, ಬಣ್ಣಬಣ್ಣದ ಹಣ್ಣು ತರಕಾರಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ, ಅದರಿಂದಲೇ ಸಕ್ಕರೆ ಇಳಿಸುತ್ತೇನೆ ಅಂತ ಹೊರಟಿದ್ದೀಯ. ಕಾಯಿಲೆ ನಿನ್ನದು, ಡಾಕ್ಟರು ನಿನ್ನವರು, ಆದರೆ ತಲೆ ಮಾತ್ರ ಯಾರದು ಅಂತ ನನಗೆ ತಿಳಿಯುತ್ತಿಲ್ಲ.

ಹೊಸ ತುಂಡು ಚುಚ್ಚಿದ್ದೇನೆ. ಈ ಸಲ ಕಣ್ಣು ಬಿಟ್ಟು ನೋಡು. ಮಾತ್ರೆ ನುಂಗು.

ನಿನ್ನ ಅಕ್ಕ


ಫೆಬ್ರವರಿ ೧೪

ಅಕ್ಕಾ,

ದಾರ ಸರಿಯಾಗಿದೆ. ತಪ್ಪಿರುವುದು ನಿನ್ನ ಅಂಗಡಿಯ ದೀಪ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಡಹುಟ್ಟಿದವರ ಹಾಗೆ ಕಂಡು, ಇನ್ನೊಂದು ಬೆಳಕಿನಲ್ಲಿ ಪರಿಚಯವೇ ಇಲ್ಲದವರ ಹಾಗೆ ಆಡುವುದು ನಮ್ಮ ಕಸುಬಿನಲ್ಲಿ ದಿನವೂ ಇದ್ದದ್ದೇ. ಬೆಳಗಿನ ಹೊತ್ತು ಉತ್ತರದ ಕಿಟಕಿಯ ಹತ್ತಿರ ಹಿಡಿದು ನೋಡು. ನೋಡಿದ ಮೇಲೆ ಬೈ.

ಊಟದ ವಿಷಯಕ್ಕೆ ಬಂದರೆ, ಆಕ್ಸಿಡೇಷನ್ ಅಂದರೆ ಏನು ಅಂತ ನನಗೆ ಲೇಖನ ಓದಿ ತಿಳಿಯಬೇಕಾಗಿಲ್ಲ. ನೀಲಿ ತೊಟ್ಟಿಯಿಂದ ದಾರದ ಲಡಿ ಎತ್ತಿದಾಗ ಅದು ಹಳದಿ ಮಿಶ್ರ ಹಸಿರು. ಗಾಳಿ ಸೋಕಿತೋ, ನೋಡುನೋಡುತ್ತಿದ್ದಂತೆ ನೀಲಿ ಏರುತ್ತದೆ. ಅದು ಗಾಳಿಯೊಳಗಿನ ಆಮ್ಲಜನಕದ ಕೆಲಸ. ಅದೇ ಆಮ್ಲಜನಕ ಕಬ್ಬಿಣಕ್ಕೆ ತುಕ್ಕನ್ನೂ ಹಿಡಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಮೈಯೊಳಗೂ ಅಂಥದ್ದೇ ತುಕ್ಕು. ಅದನ್ನು ತಡೆಯುವ ಪದಾರ್ಥ ಹಣ್ಣು ತರಕಾರಿಯ ಬಣ್ಣದಲ್ಲೇ ಇದೆ, ಬಣ್ಣ ಗಾಢವಾದಷ್ಟೂ ಪದಾರ್ಥ ಹೆಚ್ಚು. ಬಣ್ಣ ನೋಡಿ ಅನ್ನ ತಿನ್ನುವವನಿಗೆ ಇದಕ್ಕಿಂತ ಒಳ್ಳೆಯ ಪಥ್ಯ ಇನ್ನೇನಿದೆ?

ಅಡುಗೆಮನೆಯ ಗೋಡೆಗೆ ಕಾರ್ಖಾನೆಯ ಹಳೆಯ ಶೇಡ್ ಕಾರ್ಡ್ ಅಂಟಿಸಿದ್ದೇನೆ. ಕೊನೆಯ ಎರಡು ಸಾಲಿನಷ್ಟು ಕಡುಬಣ್ಣ ಇಲ್ಲದ ಯಾವುದಕ್ಕೂ ತಟ್ಟೆಗೆ ಪ್ರವೇಶವಿಲ್ಲ. ಬೆಳಿಗ್ಗೆ ಕಪ್ಪು ದ್ರಾಕ್ಷಿಯ ರಸ ದೊಡ್ಡ ಲೋಟದಲ್ಲಿ. ಕೆಲಸದ ನಡುವೆ ದಾಳಿಂಬೆ ರಸ. ಊಟಕ್ಕೆ ಬೀಟ್‌ರೂಟು, ಸಂಜೆಗೆ ಇದ್ದುದರಲ್ಲಿ ಅತಿ ಕಪ್ಪಗಿನ ಖರ್ಜೂರ. ಸೌತೆಕಾಯಿ, ಹೂಕೋಸು, ಮೂಲಂಗಿ ಎಲ್ಲವೂ ಬಿಳಿಚಿಕೊಂಡ ಸರಕು, ವಾಪಸ್. ಡಾಕ್ಟರ ಮಾತ್ರೆಯೂ ಬಿಳಿಯದೇ, ಗಮನಿಸು.

ನೀನು ಕಳಿಸಿದ ತುಂಡಿಗೆ ಹೊಸ ರೀಲು ಕಳಿಸುತ್ತಿದ್ದೇನೆ. ನಾನೇ ಕೂತು ಹೊಂದಿಸಿದ್ದು.

ನಿನ್ನ ತಮ್ಮ


ಫೆಬ್ರವರಿ ೨೭

ತಮ್ಮಾ,

ಉತ್ತರದ ಕಿಟಕಿಯಲ್ಲಿ ಹಿಡಿದೆ. ಬಾಗಿಲಲ್ಲಿ ಹಿಡಿದೆ. ತಾರಸಿ ಹತ್ತಿ ಬಿಸಿಲಿಗೆ ಹಿಡಿದೆ, ಈ ನೋಯುವ ಮೊಣಕಾಲಿಟ್ಟುಕೊಂಡು. ಎದುರಿನ ಔಷಧಿ ಅಂಗಡಿಯ ಬಿಳಿ ದೀಪದ ಕೆಳಗೂ ಹಿಡಿದೆ. ಅಂಗಡಿಯವರು "ಏನಮ್ಮ, ದಾರಕ್ಕೆ ಜ್ವರ ಬಂದಿದ್ಯಾ?" ಅಂತ ನಕ್ಕರು. ಹಳೆಯ ರೀಲೂ ಹೊಸ ರೀಲೂ ಎಲ್ಲ ಕಡೆ ಪಾಚಿಯೇ. ಇನ್ನು ಉಳಿದಿರುವುದು ಚಂದ್ರನ ಮೇಲೆ ಹಿಡಿದು ನೋಡುವುದು.

ಆಸ್ಪತ್ರೆಯ ಆಹಾರ ತಜ್ಞೆ ಕೋಟಿನ ಅಳತೆ ಕೊಡಲು ಬಂದಿದ್ದಳು. ಟೇಪನ್ನು ಅವಳ ಸೊಂಟಕ್ಕೆ ಸುತ್ತಿ ಹಿಡಿದುಕೊಂಡೇ ನಿನ್ನ ಪಥ್ಯದ ಕಥೆ ಹೇಳಿದೆ. ದ್ರಾಕ್ಷಿ ರಸ ಅಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಖರ್ಜೂರ ಅಂದಾಗ ಟೇಪು ಸಡಿಲವಾಯಿತು, ಉಸಿರು ಬಿಟ್ಟಿದ್ದಳು. ಅವಳು ಹೇಳಿದ್ದು ಇಷ್ಟು: ಬಣ್ಣದ ತರಕಾರಿ, ಹಣ್ಣು, ಸೊಪ್ಪು, ಕಾಳು ಎಲ್ಲ ಒಳ್ಳೆಯದೇ, ತಿನ್ನಲಿ. ಅದರಲ್ಲಿರುವ ಪದಾರ್ಥದಿಂದ ಮೈಗೆ ಒಂದಿಷ್ಟು ನೆರವು ಇರಬಹುದು, ಆದರೆ ಮಾತ್ರೆ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ಹಣ್ಣನ್ನು ಹಿಂಡಿ ನಾರು ಬಿಸಾಡಿ ಲೋಟಗಟ್ಟಲೆ ಕುಡಿದರೆ ಹೊಟ್ಟೆಗೆ ಹೋಗುವುದು ಬಣ್ಣ ಹಾಕಿದ ಸಕ್ಕರೆ ನೀರು. ಸೌತೆಕಾಯಿ, ಹೂಕೋಸು ಏನು ತಪ್ಪು ಮಾಡಿವೆ ಅಂತಲೂ ಕೇಳಿದಳು.

ಅಂದರೆ ಸಕ್ಕರೆ ಕಾಯಿಲೆಯವನು ಇಷ್ಟು ದಿನ ಸಕ್ಕರೆಯನ್ನೇ ಔಷಧಿ ಅಂತ ಕುಡಿದಿದ್ದೀಯ. ಅದೂ ಹೊತ್ತುಹೊತ್ತಿಗೆ, ಶ್ರದ್ಧೆಯಿಂದ!

ನಿನ್ನ ತೊಟ್ಟಿಯ ಪಾಠವನ್ನೂ ಓದಿದೆ. ಆಕ್ಸಿಡೇಷನ್ ಇಲ್ಲದಿದ್ದರೆ ನಿನ್ನ ನೀಲಿಯೇ ಹುಟ್ಟುವುದಿಲ್ಲ ಅಂತ ನೀನೇ ಬರೆದು, ಅದೇ ಉಸಿರಿನಲ್ಲಿ ಅದನ್ನು ತಡೆಯುತ್ತೇನೆ ಅಂತಲೂ ಬರೆದಿದ್ದೀಯ. ನನ್ನ ತಲೆ ಚಿಟ್ಟು ಹಿಡಿದುಹೋಗಿದೆ.

ಸಕ್ಕರೆ ಎಷ್ಟಿದೆ, ಬರಿ. ಬೀಟ್‌ರೂಟಿನ ಬಣ್ಣ ಬೇಡ, ಅಂಕಿ ಬರಿ.

ನಿನ್ನ ಅಕ್ಕ


ಮಾರ್ಚ್ ೧೧

ಅತ್ತಿಗೆಯವರಿಗೆ,

ನಾನು ಇವರ ಹೆಂಡತಿ ಬರೆಯುತ್ತಿರುವುದು. ನಿಮಗೆ ನಾನು ಕಾಗದ ಬರೆದವಳೇ ಅಲ್ಲ, ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸಿ. ನಿಮ್ಮ ಕಾಗದಕ್ಕೆ ಇವರು ಉತ್ತರ ಬರೆಯುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ನಾನು ಬರೆದದ್ದೂ ಇವರಿಗೆ ಗೊತ್ತಿಲ್ಲ.

ಸಕ್ಕರೆ ಕೇಳಿದ್ದಿರಿ. ಪಕ್ಕದ ಮನೆಯವರ ಯಂತ್ರ ತಂದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿದೆ. ಇನ್ನೂರ ಎಂಬತ್ತರ ಮೇಲಿತ್ತು. ಇವರು "ಯಂತ್ರ ಕೆಟ್ಟಿದೆ" ಅಂದರು. ಅದೇ ಯಂತ್ರದಲ್ಲಿ ನಾನು ಚುಚ್ಚಿಕೊಂಡೆ, ತೊಂಬತ್ತೈದು ಬಂತು. "ನೋಡ್ದ್ಯಾ, ಒಂದೊಂದು ಸಲ ಒಂದೊಂದು ಹೇಳುತ್ತೆ" ಅಂದುಬಿಟ್ಟರು. ಇಂಥವರ ಜೊತೆ ಹೇಗೆ ಮಾತಾಡುವುದು ಹೇಳಿ. ರಾತ್ರಿಯೆಲ್ಲ ನೀರು ಕುಡಿಯಲು ಏಳುತ್ತಾರೆ. ಸೊರಗಿದ್ದಾರೆ. ನಾಲಿಗೆ ಮಾತ್ರ ನೇರಳೆ ಬಣ್ಣಕ್ಕೆ ತಿರುಗಿದೆ. ನನ್ನ ಪಾತ್ರೆ, ಒರೆಸುವ ಬಟ್ಟೆ, ಕೈ ಎಲ್ಲವೂ ಬೀಟ್‌ರೂಟು.

ಬೈದಿದ್ದು ಸಾಕು, ಒಂದು ಸಂತೋಷದ ವಿಷಯವನ್ನೂ ಹೇಳುತ್ತೇನೆ. ಈಗೀಗ ಇವರು ಕೆಲಸಕ್ಕೆ ಹೋಗುವ ಮುಂಚೆ ನನ್ನ ಜೊತೆ ಒಂದು ಆಟ ಆಡುತ್ತಾರೆ. ಕಾರ್ಖಾನೆಯಿಂದ ದಾರ ಸುತ್ತಿದ ರಟ್ಟುಗಳನ್ನು ತಂದು ಕಿಟಕಿಯ ಹತ್ತಿರ ಕೂರಿಸಿಕೊಂಡು, "ಯಾವುದು ಯಾವುದಕ್ಕೆ ಹೊಂದುತ್ತೆ ಹೇಳು ನೋಡೋಣ" ಅನ್ನುತ್ತಾರೆ. ನಾನು ಹೇಳಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ನನ್ನ ಕಣ್ಣು ಬಹಳ ಚೆನ್ನಾಗಿದೆಯಂತೆ. ಮದುವೆಯಾದಾಗಿನಿಂದ ಇವರು ನನ್ನನ್ನು ಹೊಗಳಿದ್ದು ಇದೇ ಮೊದಲು. ನಿಮ್ಮ ಕೋಟಿನ ತುಂಡು ಬಂದಾಗ ಅದನ್ನೂ ನೋಡುತ್ತೇನೆ ಅಂದೆ. ಕೊಡಲಿಲ್ಲ. "ಅಕ್ಕನದು ನಾನೇ ಮಾಡ್ಬೇಕು" ಅಂದರು.

ಆಟದ ವಿಷಯ ಯಾರಿಗೂ ಹೇಳಬೇಡ ಅಂದಿದ್ದಾರೆ. ನಿಮಗೆ ಹೇಳಿದೆ. ನೀವೂ ಹೇಳಬೇಡಿ. ಮಾತ್ರೆ ನುಂಗಿಸಲು ಏನಾದರೂ ದಾರಿ ಇದ್ದರೆ ಬರೆಯಿರಿ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೧೫

ತಮ್ಮಾ,

ನಿನ್ನ ಹೆಂಡತಿ ಹೇಳಬೇಡಿ ಅಂದಳು. ಹೇಳುತ್ತಿದ್ದೇನೆ. ಅವಳ ಮೇಲೆ ರೇಗಿದರೆ ನೋಡು.

ನಿನಗೆ ನೀಲಿ ಕಾಣಿಸುತ್ತಿಲ್ಲ. ನೀಲಿಗೂ ಹಸಿರಿಗೂ ವ್ಯತ್ಯಾಸ ತಿಳಿಯುತ್ತಿಲ್ಲ. ಕಾರ್ಖಾನೆಯ ಬಣ್ಣವನ್ನೆಲ್ಲ ಹೊಂದಿಸುತ್ತಿರುವವಳು ಆ ಬಡಪಾಯಿ. ಗಂಡ ಕೊನೆಗೂ ಪ್ರೀತಿಯಿಂದ ಪಕ್ಕ ಕೂರಿಸಿಕೊಂಡ ಅಂತ ಖುಷಿಯಲ್ಲಿದ್ದಾಳೆ. ಅವಳ ಕಾಗದ ಓದಿ ಕತ್ತರಿ ಕೆಳಗಿಟ್ಟೆ. ಬಟ್ಟೆ ಅರ್ಧಕ್ಕೆ ನಿಂತಿದೆ.

ಎಂದಿನಿಂದ ಹೀಗೆ? ಡಾಕ್ಟರಿಗೆ ತೋರಿಸಿದೆಯಾ? ಸಕ್ಕರೆ ಏರಿಸಿಕೊಂಡರೆ ಕಣ್ಣಿಗೆ ಬರುತ್ತದೆ ಅಂತ ಮೊದಲ ದಿನವೇ ನಿನಗೆ ಹೇಳಿರುತ್ತಾರೆ, ಯಾರಿಗೆ ತಾನೆ ಹೇಳುವುದಿಲ್ಲ? ಗೊತ್ತಿದ್ದೂ ದ್ರಾಕ್ಷಿ ರಸ ಕುಡಿದುಕೊಂಡು ಕೂತಿದ್ದೀಯಲ್ಲ, ನಿನಗೆ ಏನನ್ನಬೇಕು?

ನನಗೆ ಭಯವಾಗಿದೆ. ಭಯವಾದಾಗ ನಾನು ಬೈಯುತ್ತೇನೆ, ನಿನಗೆ ಗೊತ್ತು. ನಾಳೆಯೇ ಹೋಗು.

ಅಕ್ಕ


ಮಾರ್ಚ್ ೨೪

ಅಕ್ಕಾ,

ನಿನಗೆ ದಾರ ಬೇಕಿದ್ದರೆ ಬೇರೆ ಅಂಗಡಿಗಳಿವೆ. ನನ್ನ ಕಣ್ಣಿನ ಬಗ್ಗೆ ತೀರ್ಪು ಕೊಡಲು ನೀನು ದರ್ಜಿ, ಡಾಕ್ಟರಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕೇಳಬೇಡ. ಮಾತ್ರೆ ಮುಗಿದರೆ ಕಾರ್ಖಾನೆಯ ಆರೋಗ್ಯ ಕೊಠಡಿಗೆ ಹೋಗಬೇಕು. ಸಕ್ಕರೆಯವರು ಅಲ್ಲಿಗೆ ಹೋದರೆ ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಮಾಡಿಸಿದರೆ ಮೇಜು ಹೋಗುತ್ತದೆ. ನನ್ನ ಪಕ್ಕದ ಮೇಜಿನವನನ್ನು ಹಾಗೇ ಕಳಿಸಿದರು. ಈಗ ಅವನು ಗೋದಾಮಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಾನೆ. ಎದುರಿಗೆ ಸಿಕ್ಕಾಗ ನಾವು ಯಾರೂ ಅವನ ಮುಖ ನೋಡುವುದಿಲ್ಲ, ಏನು ಮಾತಾಡುವುದು ಅಂತ ತಿಳಿಯದೆ.

ಬಣ್ಣ ಅಳೆಯುವ ಯಂತ್ರ ಅಂಕಿ ಹೇಳುತ್ತದೆ, ಕೊನೆಯ ಮಾತು ಹದ್ದಿನದು ಅಂತ ಮ್ಯಾನೇಜರೇ ಎಲ್ಲರೆದುರು ಹೇಳಿದ್ದಾರೆ. ಆ ಮಾತು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ಡಾಕ್ಟರ ಹತ್ತಿರ ಹೋಗದೆ ಸರಿಹೋಗುವ ಒಂದೇ ಒಂದು ದಾರಿ ಆ ಲೇಖನದಲ್ಲಿ ಕಂಡಿತು. ಹಿಡಿದುಕೊಂಡೆ. ನಾನು ಪೆದ್ದನಲ್ಲ. ಖರ್ಜೂರ ಸಿಹಿ ಅಂತ ನನಗೂ ಗೊತ್ತಾಗುತ್ತದೆ.

ತಮ್ಮ


ಏಪ್ರಿಲ್ ೨

ತಮ್ಮಾ,

ಪೆದ್ದನಾಗಿದ್ದರೆ ಎಷ್ಟೋ ವಾಸಿಯಿತ್ತು. ಪೆದ್ದರಿಗೆ ಹೇಳಿದರೆ ಅರ್ಥವಾಗುತ್ತದೆ.

ಮೇಜು ಉಳಿಸಿಕೊಳ್ಳಲು ಕಣ್ಣು ಮುಚ್ಚಿಡುತ್ತಿದ್ದೀಯ. ಕಣ್ಣು ಪೂರ್ತಿ ಹೋದ ಮೇಲೆ ಮೇಜಿನ ಮುಂದೆ ಕೂತು ಏನು ಮಾಡುತ್ತೀಯ, ತಬಲ ಬಾರಿಸುತ್ತೀಯಾ? ಗೋದಾಮಿನಲ್ಲಿ ಚೀಟಿ ಅಂಟಿಸುವವನಿಗೆ ಚೀಟಿ ಎಲ್ಲಿ ಅಂಟಿಸಬೇಕು ಅಂತಾದರೂ ಕಾಣಿಸುತ್ತದೆ. ಪಾಪ, ಅವನ ಮುಖ ನೋಡಿ ಮಾತಾಡಿಸಲು ನಿಮಗೇನು ರೋಗ?

ಬೇರೆ ಕಡೆ ದಾರ ತಗೋ ಅಂದೆಯಲ್ಲ, ತಗೊಂಡೆ. ಬಣ್ಣ ಹೊಂದಿದೆ. ಗಂಟು ಬೀಳುತ್ತದೆ. ಒಂದೊಂದು ಗಂಟಿಗೂ ನಿನ್ನನ್ನೇ ಬೈದುಕೊಂಡು ಕೋಟುಗಳನ್ನು ಮುಗಿಸಿದೆ.

ಕೆಲಸ ಬಿಡು ಅಂತ ನಾನು ಹೇಳುತ್ತಿಲ್ಲ, ಅದು ನಿನಗೆ ಎಷ್ಟು ಅಂತ ಗೊತ್ತಿದೆ. ಆದರೆ ನಾಳೆ ಹೆಂಡತಿಯ ಕೈ ಹಿಡಿದುಕೊಂಡು ಬೀದಿ ದಾಟುವವನಿಗೆ ಯಾರೂ ಹದ್ದು ಅನ್ನುವುದಿಲ್ಲ. ಇಷ್ಟು ಬರೆದದ್ದಕ್ಕೆ ನಿನಗೆ ಸಿಟ್ಟು ಬರಲಿ. ಸಿಟ್ಟಿನಲ್ಲಾದರೂ ಡಾಕ್ಟರ ಹತ್ತಿರ ಹೋಗು.

ಅಕ್ಕ


ಮೇ ೯

ತಮ್ಮಾ,

ಉತ್ತರವಿಲ್ಲ. ಫೋನು ಎತ್ತುವುದಿಲ್ಲ. ನಿನ್ನ ಹೆಂಡತಿ ಎತ್ತಿದರೆ "ಚೆನ್ನಾಗಿದ್ದಾರೆ ಅತ್ತಿಗೆ" ಅಂದು ಇಟ್ಟುಬಿಡುತ್ತಾಳೆ, ನೀನು ಪಕ್ಕದಲ್ಲೇ ನಿಂತಿರುತ್ತೀಯ, ಉಸಿರಾಟ ಕೇಳಿಸುತ್ತದೆ.

ಸರಿ. ಬೈಯುವುದಿಲ್ಲ. ಖಾಲಿ ಹಾಳೆಯನ್ನಾದರೂ ಕಳಿಸು, ಲಕೋಟೆಯ ಮೇಲಿನ ಕೈಬರಹ ನಿನ್ನದಿರಲಿ.

ಅಕ್ಕ


ಜೂನ್ ೨೧

ಅಕ್ಕಾ,

ಲಕೋಟೆಯ ಮೇಲಿನದು ನನ್ನದೇ ಕೈಬರಹ. ಸಾಲು ಮೇಲೆ ಕೆಳಗೆ ಆಗಿದ್ದರೆ ಅದಕ್ಕೆ ಕಾರಣ ಮುಂದೆ ಬರೆದಿದ್ದೇನೆ.

ಹೋದ ತಿಂಗಳ ಕೊನೆಗೆ ಪರದೆ ಬಟ್ಟೆ ನೇಯುವ ಕಂಪನಿಯಿಂದ ದೊಡ್ಡ ಖರೀದಿದಾರರೊಬ್ಬರು ಬಂದಿದ್ದರು. ನಾಳೆ ಬೆಳಿಗ್ಗೆ ಬೆಳಕಿನಲ್ಲಿ ನೋಡಿ ಹೇಳುತ್ತೇನೆ ಅನ್ನುವುದು ನನ್ನ ವಾಡಿಕೆ, ನಾಳೆ ಬೆಳಿಗ್ಗೆ ಅಂದರೆ ಯಾರ ಕಣ್ಣು ಅಂತ ನಿನಗೆ ಗೊತ್ತು. ಅವರು ಒಪ್ಪಲಿಲ್ಲ. ಸಂಜೆಯ ರೈಲಿಗೆ ಹೊರಡಬೇಕಿತ್ತು. ದೀಪದ ಪೆಟ್ಟಿಗೆಯ ಕೆಳಗೆ ಎರಡು ಲಡಿ ಇಟ್ಟು, ತಮ್ಮ ಬಟ್ಟೆಯ ತುಂಡನ್ನೂ ಇಟ್ಟು, "ನೀವು ಯಾವುದು ಅಂದ್ರೆ ಅದೇ. ನಿಮ್ಮ ಮಾತಿನ ಮೇಲೆ ನಾನು ಸಹಿ ಮಾಡ್ತೀನಿ" ಅಂದರು. ಮ್ಯಾನೇಜರು, ತೊಟ್ಟಿಯ ಮೇಸ್ತ್ರಿ, ಪ್ರಯೋಗಶಾಲೆಯ ಹುಡುಗಿ, ಎಲ್ಲರೂ ಸುತ್ತ ನಿಂತಿದ್ದರು. ನನಗೆ ಕಂಡದ್ದು ಮೂರೂ ಒಂದೇ ಬೂದಿ ಬಣ್ಣ.

ಎಡಗಡೆಯದು ಅನ್ನೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅರ್ಧಕ್ಕರ್ಧ ಸರಿಯಾಗಿರುತ್ತಿತ್ತು. ಆದರೆ ಆ ಮನುಷ್ಯ ಆಗಲೇ ಪೆನ್ನು ತೆಗೆದಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ. ನನಗೆ ನಾಚಿಕೆಯಾಯಿತು ಅಕ್ಕ.

"ನಂಗೆ ಕಾಣಿಸ್ತಿಲ್ಲ" ಅಂದೆ.

ಮ್ಯಾನೇಜರು ದೀಪ ಕೆಟ್ಟಿದೆ ಅಂದುಕೊಂಡರು. "ದೀಪ ಅಲ್ಲ ಸಾರ್, ಕಣ್ಣು" ಅಂದೆ. ಆದರೂ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಲ್ಬು ಬದಲಾಯಿಸಿದರು. ಹೊಸ ಬಲ್ಬು ಹತ್ತಿತು. "ಈಗ?" ಅಂದರು. ಇಲ್ಲ ಅಂತ ತಲೆಯಾಡಿಸಿದೆ. ಅವರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಣ್ಣಿನ ಡಾಕ್ಟರು ನನ್ನ ಕಣ್ಣಿನ ಹಿಂಭಾಗದ ಚಿತ್ರ ತೆಗೆದು ತೋರಿಸಿದರು. ಸಣ್ಣ ರಕ್ತನಾಳಗಳು ಸೋರಿ ಅಲ್ಲಲ್ಲಿ ಕೆಂಪು ಚುಕ್ಕೆ. ಆ ಕೆಂಪು ಮಾತ್ರ ನನಗೆ ಚೆನ್ನಾಗಿ ಕಂಡಿತು. ಲೇಸರ್ ಒಂದು ಸಲ ಆಗಿದೆ, ಇನ್ನೊಂದು ಸಲ ಇದೆ. ಅದಕ್ಕೇ ಸಾಲು ಡೊಂಕು. ಹೋದ ಬಣ್ಣ ವಾಪಸ್ ಬರುತ್ತದಾ ಅಂತ ಕೇಳಿದೆ. ಬರುತ್ತದೆ ಅಂತ ಹೇಳಲಾರೆ, ಉಳಿದದ್ದನ್ನು ಉಳಿಸೋಣ ಅಂದರು. ಸಕ್ಕರೆಗೆ ಈಗ ಒಂದಲ್ಲ, ಎರಡು ಮಾತ್ರೆ. ಬಣ್ಣದ ಪಥ್ಯದ ಬಗ್ಗೆ ಕೇಳಿದೆ, ನಗಲಿಲ್ಲ. ಸೊಪ್ಪು, ಕಾಳು, ತರಕಾರಿ ತಿನ್ನಿ, ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಅದೂ ಮಿತಿಯಲ್ಲಿ, ಮಾತ್ರೆಯ ಜಾಗದಲ್ಲಿ ಮಾತ್ರ ಯಾವುದನ್ನೂ ಇಡಬೇಡಿ ಅಂದರು. ಇದನ್ನೇ ನಿನ್ನ ಆಹಾರ ತಜ್ಞೆ ಹೇಳಿದ್ದಳು. ನೀನು ಅದನ್ನು ಎತ್ತಿ ಆಡದಿದ್ದರೆ ಉಪಕಾರ.

ಮೇಜು ಹೋಯಿತು. ಈಗ ನೂಲು ತೂಗುವ ವಿಭಾಗದಲ್ಲಿದ್ದೇನೆ. ತಕ್ಕಡಿಯ ಮುಳ್ಳು ಕಪ್ಪು, ಅದರ ಹಿಂದಿನ ತಟ್ಟೆ ಬಿಳಿ, ಅದು ಕಾಣುತ್ತದೆ. ಮೊದಲ ದಿನ ಊಟದ ಹೊತ್ತಿಗೆ ಗೋದಾಮಿನ ಅವನು ತಾನಾಗಿಯೇ ಬಂದು ಪಕ್ಕದಲ್ಲಿ ಕೂತ.

ಮನೆಯಲ್ಲಿ ಇವಳಿಗೆ ನಿಜ ಹೇಳಿದೆ. ಆಟ ಅಂತ ಸುಳ್ಳು ಹೇಳಿದ್ದಕ್ಕೆ ಅಳುತ್ತಾಳೆ ಅಂದುಕೊಂಡಿದ್ದೆ. "ಹಾಗಾದ್ರೆ ನನ್ನ ಕಣ್ಣು ಚೆನ್ನಾಗಿದೆ ಅಂದಿದ್ದೂ ಸುಳ್ಳಾ?" ಅಂದಳು. ಅದು ನಿಜ ಅಂದೆ. ಅವಳು ಒಂದು ವಾರ ಮಾತಾಡಲಿಲ್ಲ, ಆದರೆ ಮಾತ್ರೆ ಮಾತ್ರ ತಟ್ಟೆಯ ಪಕ್ಕದಲ್ಲೇ ಇಡುತ್ತಿದ್ದಳು.

ನನಗೆ ಈಗಲೂ ಸಿಟ್ಟಿದೆ ಅಕ್ಕ. ಯಾರ ಮೇಲೆ ಅಂತ ಗೊತ್ತಿಲ್ಲ. ನಿನ್ನ ಮೇಲೂ ಸ್ವಲ್ಪ.

ತಮ್ಮ


ಜೂನ್ ೨೮

ತಮ್ಮಾ,

ನಿನ್ನ ಕಾಗದವನ್ನು ಗಿರಾಕಿಯ ಎದುರಿಗೇ ಒಡೆದೆ, ತಡೆಯಲಾಗಲಿಲ್ಲ. ಓದಿ ಅತ್ತೆ. ಅವರು ತಮ್ಮ ಪ್ಯಾಂಟು ಗಿಡ್ಡವಾಗಿದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು "ಪರವಾಗಿಲ್ಲ ಬಿಡಿ, ಹೀಗೇ ಹಾಕ್ಕೋತೀನಿ" ಅಂತ ಹೊರಟೇಹೋದರು.

ನಿನ್ನ ಮೇಲಿನ ಸಿಟ್ಟು ನನಗೂ ಇಳಿದಿಲ್ಲ. ಇಷ್ಟು ದಿನ ಕಳೆದೆಯಲ್ಲ, ಅಷ್ಟು ದಿನವೂ ಒಳಗೆ ಸೋರುತ್ತಿತ್ತಲ್ಲ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅಷ್ಟು ಜನರ ನಡುವೆ ನಿಂತು ಕಾಣಿಸುತ್ತಿಲ್ಲ ಅಂದೆಯಲ್ಲ, ಆ ಕಡೆ ಮ್ಯಾನೇಜರ ಕೈ ಹೆಗಲ ಮೇಲಿದ್ದರೆ ಈ ಕಡೆ ನಾನು ಇರಬೇಕಿತ್ತು.

ಕಾಗದದಲ್ಲಿ ಬೈದು ಬೈದು ಬೆರಳು ನೋಯುತ್ತಿದೆ. ಅಂಗಡಿಗೆ ಬೀಗ ಹಾಕಿ ಎರಡನೇ ಲೇಸರಿಗೆ ನಾನೇ ಬರುತ್ತೇನೆ. ಉಳಿದ ಬೈಗುಳವನ್ನು ಎದುರಿಗೆ ಕೂತು ಮುಗಿಸುತ್ತೇನೆ. ಸ್ಟೇಷನ್ನಿಗೆ ಬಂದು ನಿಲ್ಲು. ರೈಲಿನ ತುಂಬ ಜನ ಇಳಿಯುತ್ತಾರೆ. ನಾನು ಯಾವ ಬಣ್ಣದ ಬಟ್ಟೆ ಹಾಕಿಕೊಂಡಿರುತ್ತೇನೆ ಅಂತ ಕೇಳಬೇಡ, ಹೇಳುವುದಿಲ್ಲ. ಮುಖ ನೋಡಿ ಗುರುತು ಹಿಡಿ. ನನಗೋಸ್ಕರ ಅಷ್ಟನ್ನು ಉಳಿಸಿಕೋ.

ನಿನ್ನ ಅಕ್ಕ